ಬಣ್ಣ ನೋಡಿ ಹೇಳಿದ ದೂರ

ಕೊಡಗಿನಲ್ಲಿ ಚೆರಿ ಕಾಫಿ ಮಾರಲು ಹೋದವರಿಗೆ ಗೊತ್ತು, ವ್ಯಾಪಾರಿ ಮೊದಲು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾನೆ. ಬೆಲೆ ಕಟ್ಟುವುದು ಮಾತ್ರ ಸ್ಯಾಂಪಲ್ಲಿನ ಸಿಪ್ಪೆ ಬಿಡಿಸಿ, ಬೀಜ ತೂಗಿ, ಔಟ್‌ಟರ್ನ್ (ಚೆರಿಯಲ್ಲಿ ಸಿಗುವ ಬೀಜದ ಪಾಲು) ಎಷ್ಟೆಂದು ತಿಳಿದ ಮೇಲೆ. ವಿಶ್ವದ ಮೊದಲ ಗೆಲಾಕ್ಸಿಗಳ ದೂರ ಹೇಳುವವರ ನಡುವೆಯೂ ಇದೇ ಚರ್ಚೆ: ಹಿಡಿ ನೋಡಿಯೇ ಹೇಳಬಹುದೇ, ಸಿಪ್ಪೆ ಬಿಡಿಸುವ ತನಕ ಕಾಯಬೇಕೇ?

ಇಲ್ಲಿ ಹಿಡಿ ಎಂದರೆ ಫಿಲ್ಟರ್ ಹಾಕಿ ತೆಗೆದ ಚಿತ್ರ. ಆ ಗೆಲಾಕ್ಸಿಗಳ ಬೆಳಕಿನಲ್ಲಿ 121.6 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು ದಾರಿಯ ಹೈಡ್ರೊಜನ್ ನುಂಗುತ್ತದೆ. ವಿಶ್ವ ಹಿಗ್ಗಿದಂತೆ, ಬೆಳಕು ಕಡಿದುಹೋಗುವ ಆ ಅಂಚು ಅವಕೆಂಪಿಗೆ ಸರಿಯುತ್ತದೆ; ಎಷ್ಟು ಸರಿಯಿತೆಂಬ ಅಳತೆಯೇ ಕೆಂಪುಪಲ್ಲಟ, ಅದು ಹೆಚ್ಚಿದಷ್ಟೂ ದೂರ ಹೆಚ್ಚು. ಗೆಲಾಕ್ಸಿ ಯಾವ ಫಿಲ್ಟರಿನಲ್ಲಿ ಮಾಯವಾಯಿತೆಂದು ನೋಡಿದರೆ ದೂರದ ಅಂದಾಜು ಸಿಗುತ್ತದೆ. ಬೆಳಕನ್ನು ಬಿಡಿಸಿ ರೋಹಿತ ತೆಗೆದರೆ ಅಂಚೂ ಗೆರೆಗಳೂ ಬೇರೆಬೇರೆಯಾಗಿ ಕಾಣುತ್ತವೆ.

ಕಾಯಬೇಕೆನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷಿಯಿದೆ. 2022ರಲ್ಲಿ ವೆಬ್ ದೂರದರ್ಶಕದ ಚಿತ್ರಗಳಿಂದ ಸೀರ್ಸ್-93316 ಎಂಬ ಗೆಲಾಕ್ಸಿಯ ಕೆಂಪುಪಲ್ಲಟ 16.4 ಎಂದರು. ಅಂದರೆ ಮಹಾಸ್ಫೋಟದ ಬಳಿಕ ಸುಮಾರು 25 ಕೋಟಿ ವರ್ಷಕ್ಕೇ ಅದು ಬೆಳಗುತ್ತಿತ್ತು. ರೋಹಿತ ತೆಗೆದು ಬರೆದ 2023ರ ಪ್ರಬಂಧದಲ್ಲಿ ಆ ಅಂಕಿ 4.9ಕ್ಕೆ ಇಳಿಯಿತು. ಆಮ್ಲಜನಕ, ಹೈಡ್ರೊಜನ್ನಿನ ಪ್ರಖರ ಗೆರೆಗಳು ಕೆಲವು ಫಿಲ್ಟರುಗಳಲ್ಲಿ ಬಿದ್ದು, ಇಲ್ಲದ ಅಂಚನ್ನು ಇದೆಯೆಂದು ತೋರಿಸಿದ್ದವು. ನೂರು ಕೋಟಿ ವರ್ಷಗಳಷ್ಟು ತಪ್ಪು, ಸಣ್ಣದೇನಲ್ಲ.

ಆದರೆ ಅದೇ ಪ್ರಬಂಧದಲ್ಲಿ, ಬಣ್ಣದಿಂದಲೇ ಗುರುತಿಸಿದ್ದ ‘ಮೇಸಿ’ ಗೆಲಾಕ್ಸಿ 11.4ರಲ್ಲಿ ದೃಢಪಟ್ಟಿತು. ಬಣ್ಣದ ಪಟ್ಟಿಯಲ್ಲಿದ್ದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿ ವಿಪರೀತ ಪ್ರಕಾಶಮಾನ, ಪಕ್ಕದಲ್ಲೇ ಇನ್ನೊಂದು ಗೆಲಾಕ್ಸಿ ಬೇರೆ, ಹಾಗಾಗಿ ಹಲವರು ಅದನ್ನು ನಂಬಲಿಲ್ಲ. 2024ರ ಜನವರಿಯಲ್ಲಿ ವೆಬ್ ಸುಮಾರು ಹತ್ತು ಗಂಟೆ ಅದರ ರೋಹಿತ ಹಿಡಿಯಿತು. ಅಂಚು ಸುಮಾರು 1,850 ನ್ಯಾನೊಮೀಟರಿಗೆ ಸರಿದಿತ್ತು, ಕೆಂಪುಪಲ್ಲಟ 14.32. ಚಿಲಿಯ ಆಲ್ಮಾ ದೂರದರ್ಶಕ ಆ ಗೆಲಾಕ್ಸಿಯಲ್ಲಿ ಆಮ್ಲಜನಕ ಕಂಡು, ಆ ಅಂಕಿಯನ್ನೂ 14.18ಕ್ಕೆ ತಿದ್ದಿತು. ಹತ್ತು ಗಂಟೆ ಎಲ್ಲಿ ವ್ಯಯಿಸಬೇಕೆಂದು ಹೇಳಿದ್ದು ಬಣ್ಣದ ಪಟ್ಟಿಯೇ. ಅದನ್ನು ಬಚ್ಚಿಟ್ಟಿದ್ದರೆ ಬೇರೆ ತಂಡಗಳು ಪ್ರಶ್ನಿಸಲೂ ಆಗುತ್ತಿರಲಿಲ್ಲ.

ನನ್ನ ಮನಸ್ಸು ಹೇಳಿಬಿಡುವ ಕಡೆಗೇ ವಾಲುತ್ತದೆ. ಆದರೆ ಪತ್ರಿಕೆಯಲ್ಲಿ ಅಂಕಿಯ ಪಕ್ಕದಲ್ಲೇ ‘ಬಣ್ಣದ ಅಂದಾಜು’ ಎಂದಿರಬೇಕು. ಹೇಳಿಬಿಟ್ಟರೆ ಆಗುವ ಲಾಭಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಮೊದಲ ನಕ್ಷತ್ರಗಳ ಕಾಲದ ರೇಡಿಯೊ ಸಂಕೇತ ಸಿಕ್ಕಿತೆಂದು ಎಡ್ಜಸ್ ತಂಡ 2018ರಲ್ಲಿ ಸಾರಿತು. ಆ ಮಾತು ಹೊರಬಿದ್ದದ್ದರಿಂದಲೇ ಪರೀಕ್ಷಿಸಲು ಖಚಿತ ಗುರಿ ಸಿಕ್ಕಿತು. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ‘ಸರಸ್-3’ ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟರು. ಏಕೆಂದರೆ ಆಂಟೆನಾದ ಅಡಿಯಲ್ಲಿ ನೆಲಕ್ಕಿಂತ ನೀರು ಏಕರೂಪ. 2022ರಲ್ಲಿ ಅವರ ಉತ್ತರ ಬಂತು: ಎಡ್ಜಸ್ ಹೇಳಿದ ಸಂಕೇತ ಅಲ್ಲಿ ಕಾಣಲಿಲ್ಲ.