ಒಂದೇ ದೂರಕ್ಕೆ ಕಟ್ಟಿಹಾಕುವ ಮೊದಲು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿ ಹುಡುಗರಿಗೆ ಮಧ್ಯಮ ದೂರದ ಓಟವೆಂದರೆ 1,600 ಮೀಟರ್. ಒಲಿಂಪಿಕ್ಸ್‌ನಲ್ಲಿ ಆ ದೂರದ ಸ್ಪರ್ಧೆ ಇಲ್ಲ, ಏಷ್ಯನ್ ಗೇಮ್ಸ್‌ನಲ್ಲೂ ಇಲ್ಲ. ಇರುವುದು ಪೊಲೀಸ್ ಮತ್ತು ಸೇನಾ ನೇಮಕಾತಿಯಲ್ಲಿ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿ ಇಷ್ಟು ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಸೇನೆಯ ರ್‍ಯಾಲಿಯಲ್ಲಿ ಪೂರ್ಣ ಅಂಕ ಸಿಗಬೇಕಾದರೆ ಐದೂವರೆ ನಿಮಿಷದೊಳಗೆ ಬರಬೇಕು. ಅಧಿಸೂಚನೆ ಹೊರಟರೆ ಸಾಕು, ತೊಗರಿ ಹೊಲಗಳ ನಡುವಿನ ರಸ್ತೆಗಳಲ್ಲಿ ಬೆಳಗಿನ ಜಾವವೇ ಓಟ ಶುರುವಾಗುತ್ತದೆ.

ಹೆಣ್ಣುಮಕ್ಕಳಿಗೆ ಪೊಲೀಸ್ ಪರೀಕ್ಷೆಯಲ್ಲಿ ಇಟ್ಟಿರುವುದು 400 ಮೀಟರ್, ಎರಡು ನಿಮಿಷ. ಸಾಧಾರಣ ವೇಗದಲ್ಲಿ ಓಡಿದರೂ ಮುಗಿಯುವ ಗುರಿ ಅದು. ಗಂಡುಮಕ್ಕಳಲ್ಲಿ ಕನಿಷ್ಠ ಪಕ್ಷ ಯಾರ ದಮ್ಮು ಎಷ್ಟು ಎಂಬುದು ಊರಿಗೆ ಗೊತ್ತಾಗುತ್ತದೆ. ಹುಡುಗಿಯರನ್ನು 1,600 ಮೀಟರ್ ಓಡಿಸಿ ನೋಡುವವರೇ ಇಲ್ಲ.

ಎಳೆಯ ಓಟಗಾರರ ಹರವು, ಅಂದರೆ ಒಬ್ಬರೇ 400ರಲ್ಲೂ 800ರಲ್ಲೂ 1,500ರಲ್ಲೂ ಎಷ್ಟು ಚೆನ್ನಾಗಿ ಓಡಬಲ್ಲರು ಎಂಬ ಅಳತೆ, ಸೇಡಂ ತಾಲ್ಲೂಕಿನ ಆಡಕಿಯಂಥ ಹೋಬಳಿಗಳ ಮಟ್ಟಿಗೆ ಬಹಳ ಮುಖ್ಯವಾದ ವಿಚಾರ. ಇಲ್ಲಿನ ಮಗುವಿಗೆ ಮೊದಲ ಅವಕಾಶ ಸಿಗುವುದು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ. ಎರೆ ನೆಲದ ಮೈದಾನ, ಸುಣ್ಣದ ಗೆರೆ, ಪಿ.ಟಿ. ಸರ್ ಕೈಯಲ್ಲೊಂದು ಸೀಟಿ. ಅಲ್ಲಿ ಯಾವ ಓಟದಲ್ಲಿ ಮೊದಲು ಬಂತೋ ಆ ಮಗು ಅದೇ ಓಟಕ್ಕೆ ಸೀಮಿತ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೆ ಹೋದಂತೆಲ್ಲ ಆ ಗುರುತು ಗಟ್ಟಿಯಾಗುತ್ತದೆ. ಹದಿಮೂರು ಹದಿನಾಲ್ಕರ ಮಗುವಿನ ಮುಂದಿನ ಹತ್ತು ವರ್ಷವನ್ನು ಒಂದು ಮಧ್ಯಾಹ್ನದ ಫಲಿತಾಂಶ ತೀರ್ಮಾನಿಸುವುದು ಸರಿಯಲ್ಲ.

ಯಾಕೆ ಸರಿಯಲ್ಲ ಎಂಬುದಕ್ಕೆ ದೇಹವೇ ಉತ್ತರ ಕೊಡುತ್ತದೆ. ಓಡುವಾಗ ಬೇಕಾಗುವ ಶಕ್ತಿಯ ಒಂದು ಪಾಲು ಉಸಿರಾಟದ ಆಮ್ಲಜನಕದಿಂದ ಬರುತ್ತದೆ, ಉಳಿದದ್ದು ಆಮ್ಲಜನಕವಿಲ್ಲದೆ ಸ್ನಾಯುಗಳಲ್ಲೇ ಹುಟ್ಟುತ್ತದೆ. ತರಬೇತಿ ಪಡೆದ ಓಟಗಾರರ ಮೇಲೆ ಸ್ಪೆನ್ಸರ್ ಮತ್ತು ಗ್ಯಾಸ್ಟಿನ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಮ್ಲಜನಕದ ಪಾಲು 400 ಮೀಟರ್‌ನಲ್ಲಿ ಶೇ 43, 800ರಲ್ಲಿ ಶೇ 66, 1,500ರಲ್ಲಿ ಶೇ 84. ಒಂದು ಸುತ್ತು ಹೆಚ್ಚಾದರೆ ಲೆಕ್ಕವೇ ಬದಲಾಗುತ್ತದೆ. 800 ಮೀಟರ್ 400 ಮತ್ತು 1,500ರ ನಡುವೆ ಸಿಕ್ಕಿಕೊಂಡ ಓಟ. ವೇಗದ ಕಡೆಯಿಂದಲೂ ಅಲ್ಲಿಗೆ ಬರಬಹುದು, ದಮ್ಮಿನ ಕಡೆಯಿಂದಲೂ ಬರಬಹುದು. ಕ್ರೀಡಾ ವಿಜ್ಞಾನಿ ಗ್ಯಾರೆತ್ ಸ್ಯಾಂಡ್‌ಫೋರ್ಡ್ 800 ಮೀಟರ್ ಓಟಗಾರರನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಇದೇ ಕಾರಣಕ್ಕೆ: 400ರ ಕಡೆ ವಾಲುವವರು, 800ಕ್ಕೇ ಹೇಳಿ ಮಾಡಿಸಿದವರು, 1,500ರ ಕಡೆ ವಾಲುವವರು.

ದೊಡ್ಡವರ ಉದಾಹರಣೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕ್ಯೂಬಾದ ಆಲ್ಬರ್ಟೊ ಹ್ವಾಂಟೊರೆನಾ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ (44.26 ಸೆಕೆಂಡು) ಮತ್ತು 800 ಮೀಟರ್ (1:43.50) ಎರಡನ್ನೂ ಗೆದ್ದರು. ಅವರ 400ರ ಸಮಯವನ್ನು ದ್ವಿಗುಣಗೊಳಿಸಿ 800ರ ಸಮಯದಿಂದ ಕಳೆದರೆ ಉಳಿಯುವುದು ಸುಮಾರು 15 ಸೆಕೆಂಡು. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 400 ಮೀಟರ್‌ನಲ್ಲಿ 46.87 ಸೆಕೆಂಡಿಗಿಂತ ವೇಗವಾಗಿ ಓಡಿದವರಲ್ಲ. ಆದರೂ 1981ರಲ್ಲಿ 800 ಮೀಟರನ್ನು 1:41.73ರಲ್ಲಿ ಮುಗಿಸಿದರು. ಅವರ ಅಂತರ ಎಂಟೇ ಸೆಕೆಂಡು. ಅದಕ್ಕೆ ಎರಡು ವರ್ಷ ಮೊದಲು, 1979ರ ಬೇಸಿಗೆಯಲ್ಲಿ, 41 ದಿನಗಳೊಳಗೆ 800, ಮೈಲಿ ಮತ್ತು 1,500 ಮೂರರಲ್ಲೂ ವಿಶ್ವದಾಖಲೆ ಬರೆದಿದ್ದವರೂ ಇದೇ ಕೋ. ಹ್ವಾಂಟೊರೆನಾರನ್ನು 1,500ಕ್ಕೋ, ಕೋ ಅವರನ್ನು 400ಕ್ಕೋ ಎಳೆದಿದ್ದರೆ ಜಗತ್ತು ಇಬ್ಬರನ್ನೂ ಕಳೆದುಕೊಳ್ಳುತ್ತಿತ್ತು.

ಈ ಲೆಕ್ಕಕ್ಕೆ ಪ್ರಯೋಗಾಲಯ ಬೇಡ. ಇಬ್ಬರು ಹುಡುಗರು 800 ಮೀಟರನ್ನು 2 ನಿಮಿಷ 6 ಸೆಕೆಂಡಿನಲ್ಲಿ ಓಡಿ ಒಟ್ಟಿಗೇ ಗೆರೆ ದಾಟಿದರು ಎಂದುಕೊಳ್ಳಿ. ಒಬ್ಬನ 400ರ ಸಮಯ 54 ಸೆಕೆಂಡು, ಇನ್ನೊಬ್ಬನದು 58. ಮೊದಲಿನವನಿಗೆ ಅಂತರ 18 ಸೆಕೆಂಡು: ವೇಗ ಇದೆ, ದಮ್ಮು ಕಟ್ಟಬೇಕು. ಎರಡನೆಯವನಿಗೆ 10: ಈಗಲೇ ದಮ್ಮು ಇದೆ, 1,500ರಲ್ಲಿ ಓಡಿಸಿ ನೋಡಬೇಕು. ಪ್ರಮಾಣಪತ್ರದಲ್ಲಿ ಇಬ್ಬರೂ ಒಂದೇ. ಮುಂದಿನ ದಾರಿ ಮಾತ್ರ ಬೇರೆ ಬೇರೆ. ಬರಿಯ ಸ್ಥಾನ ಬರೆದಿಟ್ಟು ಸಮಯ ಬರೆಯದ ಕೂಟದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತದ್ದೇ ಉದಾಹರಣೆ ಬೇಕೆಂದರೆ ಹ್ವಾಂಟೊರೆನಾ ಗೆದ್ದ ಅದೇ 800 ಮೀಟರ್ ಫೈನಲ್‌ಗೆ ಹಿಂದಿರುಗಬೇಕು. ಆ ಓಟದ ಮೊದಲ ಸುತ್ತಿನಲ್ಲಿ ಮುಂದಿದ್ದವರು ರಾಜಸ್ಥಾನದ ಯೋಧ ಶ್ರೀರಾಮ್ ಸಿಂಗ್. ಏಳನೆಯವರಾಗಿ ಮುಗಿಸಿದರೂ ಅಂದಿನ 1:45.77 ಭಾರತದ ದಾಖಲೆಯಾಗಿ 42 ವರ್ಷ ಉಳಿಯಿತು. 2018ರಲ್ಲಿ ಅದನ್ನು ಮುರಿದವರು ಕೇರಳದ ಜಿನ್ಸನ್ ಜಾನ್ಸನ್. ಸೇನೆಗೆ ಸೇರಿದ ಹೊಸದರಲ್ಲಿ ಶ್ರೀರಾಮ್ ಓಡುತ್ತಿದ್ದದ್ದು 5,000 ಮೀಟರ್. ಅವರನ್ನು 400 ಮತ್ತು 800ಕ್ಕೆ ತಿರುಗಿಸಿದವರು ಕೋಚ್ ಇಲ್ಯಾಸ್ ಬಾಬರ್. ಬಾಬರ್ ಅವರ ಕಣ್ಣಿಗೆ ಬೀಳದೆ ಹೋಗಿದ್ದರೆ ಶ್ರೀರಾಮ್ ಸಾಧಾರಣ 5,000 ಮೀಟರ್ ಓಟಗಾರರಾಗಿಯೇ ಉಳಿಯುತ್ತಿದ್ದರೇನೋ. ಜಿನ್ಸನ್ ಕೂಡ ಒಂದು ದೂರಕ್ಕೆ ಅಂಟಿಕೊಂಡವರಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 800ರಲ್ಲಿ ಬೆಳ್ಳಿ, 1,500ರಲ್ಲಿ ಚಿನ್ನ ಗೆದ್ದರು. 2023ರ ಹಾಂಗ್‌ಝೌ ಕೂಟದಲ್ಲಿ ಪಂಜಾಬಿನ ಹರ್ಮಿಲನ್ ಬೈನ್ಸ್ ಎರಡೂ ದೂರಗಳಲ್ಲಿ ಬೆಳ್ಳಿ ತಂದರು.

ಕರ್ನಾಟಕದ ಕಥೆ ಹೆಚ್ಚಾಗಿ ಒಂದು ಸುತ್ತಿನ ಕಥೆ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಟಿ. ಉಷಾ, ಶೈನಿ ಅಬ್ರಹಾಂ, ವಲ್ಸಮ್ಮ ಜೊತೆ 4x400 ಚಿನ್ನ ಗೆದ್ದ ವಂದನಾ ರಾವ್, 2010ರ ಗುವಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಪಡೆದ ಅಶ್ವಿನಿ ಅಕ್ಕುಂಜಿ, 2014ರ ಇಂಚಿಯಾನ್‌ನಲ್ಲಿ 400ರ ಕಂಚು ಗೆದ್ದ ಎಂ.ಆರ್. ಪೂವಮ್ಮ, 2021ರ ನೈರೋಬಿ ವಿಶ್ವ 20 ವರ್ಷದೊಳಗಿನವರ ಕೂಟದಲ್ಲಿ 52.77 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದ ಪ್ರಿಯಾ ಮೋಹನ್. ಎಲ್ಲರೂ 400ರ ಸುತ್ತಮುತ್ತಲಿನವರು. 800, 1,500ರಲ್ಲಿ ಇವರಿಗೆ ಸರಿಸಮನಾದ ಹೆಸರುಗಳನ್ನು ಹುಡುಕಬೇಕಾಗುತ್ತದೆ.

ಇದಕ್ಕೆ ರಿಲೇ ಒಂದು ಕಾರಣ. ವೇಗವಿರುವ ಹುಡುಗಿಗೆ 4x400 ಶಿಬಿರ ಎಂದರೆ ನೌಕರಿ, ತರಬೇತಿ, ವಿದೇಶ ಪ್ರವಾಸದ ದಾರಿ. ಅದನ್ನು ಬಿಟ್ಟು ಎರಡು ಸುತ್ತಿನ ಕಷ್ಟಕ್ಕೆ ಹೋಗು ಎಂದು ಯಾವ ಕೋಚ್ ತಾನೆ ಹೇಳಿಯಾರು? ಆದರೆ 800ರ ದಾರಿ ಮುಚ್ಚಿಕೊಳ್ಳಬೇಕಿಲ್ಲ ಎಂಬುದಕ್ಕೂ ರಿಲೇಯೇ ಸಾಕ್ಷಿ. ಇಂಚಿಯಾನ್‌ನಲ್ಲಿ 3:28.68ರ ಕೂಟ ದಾಖಲೆಯೊಂದಿಗೆ ಚಿನ್ನ ಗೆದ್ದ ತಂಡದಲ್ಲಿ ಪೂವಮ್ಮ, ಪ್ರಿಯಾಂಕಾ ಪವಾರ್, ಮನದೀಪ್ ಕೌರ್ ಜೊತೆ ಓಡಿದವರು ಟಿಂಟು ಲೂಕಾ. ಅದೇ ಕೂಟದಲ್ಲಿ ಅವರು 800 ಮೀಟರ್ ಬೆಳ್ಳಿಯನ್ನೂ ಗೆದ್ದಿದ್ದರು. ಅದಕ್ಕೂ ಮೂರು ದಶಕ ಹಿಂದೆ, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ, ಶೈನಿ 800ರ ಸೆಮಿಫೈನಲ್ ತಲುಪಿ, ರಿಲೇಯಲ್ಲೂ ಫೈನಲ್ ಓಡಿದ್ದರು.

ಶೈನಿ ಅವರದೇ ಇನ್ನೊಂದು ಪ್ರಸಂಗ ಹಳ್ಳಿಯ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು. ಸೋಲ್‌ನಲ್ಲಿ 800 ಮೀಟರ್ ಮುಂಚೂಣಿಯಲ್ಲಿ ಓಡಿಯೂ ಅವರು ಅನರ್ಹಗೊಂಡರು. ತಮ್ಮ ಲೇನ್ ಬಿಟ್ಟು ಒಳಗೆ ಸರಿಯಬೇಕಾದ ಗೆರೆಗಿಂತ ಮೊದಲೇ ಸರಿದಿದ್ದರು. 800 ಮೀಟರ್‌ನಲ್ಲಿ ಮೊದಲ ತಿರುವು ಮುಗಿಯುವತನಕ ತಮ್ಮ ಲೇನ್‌ನಲ್ಲೇ ಓಡಬೇಕು, ಆಮೇಲಷ್ಟೇ ಒಳಗೆ ಬರಬಹುದು. ಅಷ್ಟು ಅನುಭವಿಗೇ ಹೀಗಾದರೆ, 200 ಮೀಟರಿನ ಸುಣ್ಣದ ಸುತ್ತಿನಲ್ಲಿ ಲೇನೇ ಇಲ್ಲದೆ ಗುಂಪಾಗಿ ಓಡಿ ಬೆಳೆದ ಸೇಡಂ ಕಡೆಯ ಮಗು ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಬೆಂಗಳೂರಿನ ಕಂಠೀರವಕ್ಕೋ ಬಂದು ನಿಂತಾಗ ಎಷ್ಟು ಗಲಿಬಿಲಿಯಾಗುತ್ತದೆ ಎಂದು ಊಹಿಸಬಹುದು. ದೂರ ಬದಲಾಯಿಸುವುದೆಂದರೆ ಕಾಲಿನ ಜೊತೆ ಲೇನ್, ತಿರುವು, ತಳ್ಳಾಟ ಎಲ್ಲವನ್ನೂ ಹೊಸದಾಗಿ ಕಲಿಯುವುದು. ಅದಕ್ಕೆ ಸಮಯ ಬೇಕು.

ಹರವನ್ನು ದೇಹವೊಂದೇ ನಿರ್ಧರಿಸುವುದಿಲ್ಲ, ಸ್ಪರ್ಧೆಗಳ ಪಟ್ಟಿಯೂ ನಿರ್ಧರಿಸುತ್ತದೆ. ಮಹಿಳೆಯರ 800 ಮೀಟರ್ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಒಮ್ಮೆ ನಡೆಯಿತು. ಹೆಂಗಸರ ಮೈಗೆ ಇದು ಅತಿಯಾಯಿತು ಎಂಬ ಕೂಗೆದ್ದು, 1960ರವರೆಗೆ ಆ ಓಟವೇ ಇಲ್ಲವಾಯಿತು. 1,500 ಬಂದದ್ದು 1972ರಲ್ಲಿ. ಅಷ್ಟು ತಲೆಮಾರುಗಳ ಓಟಗಾರ್ತಿಯರ ಸಾಮರ್ಥ್ಯವನ್ನು ಯಾರೂ ಅಳೆಯಲೇ ಇಲ್ಲ.

ನಮ್ಮ ಕಾಲದ ಉದಾಹರಣೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು. ಹುಟ್ಟಿನಿಂದ ದೃಷ್ಟಿಯಿಲ್ಲ, ಚಿಕ್ಕಂದಿನಲ್ಲೇ ತಂದೆ ತಾಯಿ ಇಲ್ಲವಾದರು, ಸಾಕಿದ್ದು ಅಜ್ಜಿ. ದೃಷ್ಟಿಹೀನರ ಟಿ11 ವಿಭಾಗದ 1,500 ಮೀಟರ್‌ನಲ್ಲಿ 2018 ಮತ್ತು 2023ರ ಏಷ್ಯನ್ ಪ್ಯಾರಾ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಓಡಿದರು. ಮಾರ್ಗದರ್ಶಕ ಓಟಗಾರ ರಾಹುಲ್ ಬಾಲಕೃಷ್ಣ ಅವರ ಕೈಗೂ ತಮ್ಮ ಕೈಗೂ ಒಂದು ಪುಟ್ಟ ಪಟ್ಟಿ ಕಟ್ಟಿಕೊಂಡು ಓಡುವವರು ಅವರು. ಅವರ ವಿಭಾಗದ ಮಹಿಳೆಯರಿಗೆ ಪ್ಯಾರಿಸ್‌ನಲ್ಲಿ ಇದ್ದ ಓಟಗಳು 100, 200, 400 ಮತ್ತು 1,500. ನಡುವಿನ 800 ಇಲ್ಲ. ಸೇಡಂಗೆ ಪಕ್ಕದ ರಾಜ್ಯವಾದ ತೆಲಂಗಾಣದ ವಾರಂಗಲ್ ಕಡೆಯ ದೀಪ್ತಿ ಜೀವಾಂಜಿ ಓಡುವ, ಬೌದ್ಧಿಕ ನ್ಯೂನತೆಯುಳ್ಳವರ ಟಿ20 ವಿಭಾಗದಲ್ಲೂ ಅಷ್ಟೆ, 400 ಬಿಟ್ಟರೆ 1,500. ಪ್ಯಾರಿಸ್‌ನಲ್ಲಿ 400ರ ಕಂಚು ಗೆದ್ದ ದೀಪ್ತಿಗೆ ಎರಡು ಸುತ್ತಿನಲ್ಲಿ ಎಷ್ಟು ಶಕ್ತಿ ಇದೆ ಎಂಬುದು ಆ ವೇದಿಕೆಯಲ್ಲಿ ತಿಳಿಯುವಂತಿರಲಿಲ್ಲ.

ಹರವು ಉಳಿಸಿಕೊಂಡು ಎತ್ತರಕ್ಕೆ ಬೆಳೆದವರಲ್ಲಿ ನಮ್ಮ ಭಾಗಕ್ಕೆ ಮಣ್ಣಿನಿಂದ, ಬಿಸಿಲಿನಿಂದ ಹತ್ತಿರವಾದವರು ಬೀಡ್ ಜಿಲ್ಲೆಯ ಮಾಂಡವಾ ಗ್ರಾಮದ ಅವಿನಾಶ್ ಸಾಬ್ಳೆ. ಸೇನೆಯಲ್ಲಿ ಕ್ರಾಸ್ ಕಂಟ್ರಿ ಓಡುತ್ತಿದ್ದವರು ಇಪ್ಪತ್ತರ ನಂತರ 3,000 ಮೀಟರ್ ಸ್ಟೀಪಲ್‌ಚೇಸ್‌ಗೆ ಬಂದು ಅದರ ರಾಷ್ಟ್ರೀಯ ದಾಖಲೆಯನ್ನು ಮತ್ತೆ ಮತ್ತೆ ಮುರಿದು 8:09.91ಕ್ಕೆ ಇಳಿಸಿದರು. ಅದರ ಜೊತೆಗೆ 2020ರಲ್ಲಿ ದೆಹಲಿಯಲ್ಲಿ ಹಾಫ್ ಮ್ಯಾರಥಾನ್ ಅನ್ನು 1:00:30ರಲ್ಲಿ ಮುಗಿಸಿದರು. ಹಾಂಗ್‌ಝೌನಲ್ಲಿ ಸ್ಟೀಪಲ್‌ಚೇಸ್ ಚಿನ್ನದ ಜೊತೆ 5,000 ಮೀಟರ್ ಬೆಳ್ಳಿಯೂ ಅವರದಾಯಿತು. ತಮ್ಮ ಓಟ ಯಾವುದು ಎಂದು ಕಂಡುಕೊಳ್ಳಲು ಅವರಿಗೆ ಇಪ್ಪತ್ತು ದಾಟಬೇಕಾಯಿತು ಎಂಬುದನ್ನು ಹೋಬಳಿ ಮಟ್ಟದಲ್ಲಿ ಆಯ್ಕೆ ಮಾಡುವವರು ನೆನಪಿಡಬೇಕು.

ಬೇಗ ಒಂದೇ ದೂರ ಹಿಡಿದು ಗೆದ್ದವರೂ ಇದ್ದಾರಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ರಿಯಾ ಮೋಹನ್ ಓಡಿದ ಅದೇ ನೈರೋಬಿ ಕೂಟದಲ್ಲಿ ಕೆನ್ಯಾದ ಇಮ್ಯಾನುಯೆಲ್ ವನ್ಯೋನ್ಯಿ ಹದಿನೇಳನೇ ವಯಸ್ಸಿಗೇ 800 ಮೀಟರನ್ನು 1:43.76ರಲ್ಲಿ ಗೆದ್ದರು. ಇಪ್ಪತ್ತಕ್ಕೆ ಒಲಿಂಪಿಕ್ ಚಾಂಪಿಯನ್ ಆದರು. ಆದರೆ ಒಲಿಂಪಿಕ್ಸ್ ಗೆದ್ದ 2024ರಲ್ಲೇ ಅವರು ರಸ್ತೆಯ ಮೈಲಿ ಓಟದಲ್ಲೂ ವಿಶ್ವದಾಖಲೆ ಬರೆದಿದ್ದರು. ಎಂಟುನೂರರ ಮೇಲಿನ ದೂರವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ಅಪಾಯ ಇನ್ನೊಂದು ಕಡೆಯೂ ಇದೆ, ಅದನ್ನು ಮುಚ್ಚಿಡಬಾರದು. ಶಾಲೆಗೆ ಸಮಗ್ರ ಪ್ರಶಸ್ತಿ ಬರಲಿ ಎಂದು ಒಬ್ಬಳೇ ಚುರುಕಾದ ಹುಡುಗಿಯನ್ನು ಒಂದೇ ದಿನ 400, 800, 1,500, ಕೊನೆಗೆ ರಿಲೇಗೂ ಇಳಿಸುವ ರೂಢಿ ಹಲವೆಡೆ ಇದೆ. ನಗದು ಬಹುಮಾನವಿದೆಯೆಂದು ಹದಿನಾಲ್ಕರ ಹುಡುಗರನ್ನು ಹತ್ತು ಕಿಲೋಮೀಟರ್ ರಸ್ತೆ ಓಟಕ್ಕೆ ನಿಲ್ಲಿಸುವುದೂ ಇದೆ. ಅದು ದಣಿವು, ಹರವಲ್ಲ. ಬೆಳೆಯುವ ಮಗುವಿಗೆ ಅಂಗಿ ಹೊಲಿಸುವಾಗ ದರ್ಜಿ ಅಂಚಿನಲ್ಲಿ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಾನೆ. ಓಟದಲ್ಲಿ ಬೇಕಾದದ್ದು ಆ ಬಗೆಯ ಅವಕಾಶ. ಒಂದು ಋತುವಿನಲ್ಲಿ ಎರಡು ಮೂರು ದೂರಗಳನ್ನು ಬೇರೆ ಬೇರೆ ದಿನ, ಮೈ ಹಗುರವಿದ್ದಾಗ ಓಡಿಸಿ, ಸಮಯ ಬರೆದಿಟ್ಟರೆ ಸಾಕು.

ಅಥ್ಲೆಟಿಕ್ಸ್ ಫೆಡರೇಷನ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ರಾಷ್ಟ್ರೀಯ ಅಂತರ ಜಿಲ್ಲಾ ಜೂನಿಯರ್ ಕೂಟದಲ್ಲಿ 14 ವರ್ಷದೊಳಗಿನವರಿಗೆ ಒಂದೇ ಓಟದ ಬದಲು ಟ್ರಯಥ್ಲಾನ್ ಇಟ್ಟಿದ್ದಾರೆ. 60 ಮೀಟರ್ ಓಟ, ಉದ್ದ ಜಿಗಿತ, 600 ಮೀಟರ್ ಸೇರಿದ ಗುಂಪೂ ಅದರಲ್ಲಿದೆ. ವೇಗ, ಪುಟಿತ, ದಮ್ಮು ಮೂರೂ ಒಟ್ಟಿಗೆ ಕಾಣುವ ಈ ವ್ಯವಸ್ಥೆ ತಾಲ್ಲೂಕು ಕೂಟಕ್ಕೂ ಇಳಿಯಬೇಕು.

ಸೇಡಂ, ಶಹಾಬಾದ್, ವಾಡಿಯ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ಅವುಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಎಲ್ಲ ಹೋಬಳಿಗೂ ಸಿಂಥೆಟಿಕ್ ಟ್ರ್ಯಾಕ್ ಬೇಡ. ಸರಿಯಾಗಿ ಅಳೆದ 400 ಮೀಟರಿನ ಮಣ್ಣಿನ ಟ್ರ್ಯಾಕ್ ತಾಲ್ಲೂಕಿಗೊಂದು, ಪ್ರತಿ ಪ್ರೌಢಶಾಲೆಗೆ ಎರಡು ಸ್ಟಾಪ್‌ವಾಚ್, ಮಗುವಿನ 200, 400, 800, 1,500ರ ಸಮಯ ಬರೆದು ವರ್ಷದಿಂದ ವರ್ಷಕ್ಕೆ ಜೊತೆಗೆ ಸಾಗುವ ಒಂದು ಹಾಳೆ. 800 ಮತ್ತು 1,500 ಓಟಗಳನ್ನು ಒಂದೇ ಮಧ್ಯಾಹ್ನ ಇಡದಂಥ ವೇಳಾಪಟ್ಟಿ. ನೇಮಕಾತಿಗೆಂದು ನಡೆಯುವ ಬೆಳಗಿನ ಶಿಬಿರಗಳಲ್ಲಿ ಹುಡುಗಿಯರಿಗೂ ತಿಂಗಳಿಗೊಮ್ಮೆ 1,600 ಮೀಟರಿನ ಸಮಯ ಹಿಡಿಯಬೇಕು. ಈ ಮಳೆಗಾಲದ ಶಾಲಾ ಕೂಟಗಳಿಂದಲೇ ಇದನ್ನು ಆರಂಭಿಸಲು ಸರ್ಕಾರದ ಹೊಸ ಆದೇಶಕ್ಕಾಗಿ ಕಾಯಬೇಕಿಲ್ಲ. ತಾಲ್ಲೂಕಿನ ದೈಹಿಕ ಶಿಕ್ಷಕರ ಒಂದು ಸಭೆ ಸಾಕು.