ಮಲೆನಾಡಿನ ಪಟ್ಟಣಗಳಿಗೆ ನಗರ ಯೋಜಕರನ್ನು ನೇಮಿಸುವ ಕುರಿತು ಮನವಿ ಪತ್ರ

ಇವರಿಗೆ: ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಇವರಿಂದ: ಹೆಗಡೆಕಟ್ಟಾ ಭಾಗದ ನಾಗರಿಕರು, ಶಿರಸಿ ತಾಲೂಕು, ಉತ್ತರ ಕನ್ನಡ ಜಿಲ್ಲೆ

ವಿಷಯ: ಶಿರಸಿ, ಸಿದ್ದಾಪುರ, ಯಲ್ಲಾಪುರ ಪಟ್ಟಣಗಳ ಬೆಳವಣಿಗೆಗೆ ನೆಲದ ಗುಣಕ್ಕೆ ಹೊಂದುವ ಯೋಜನೆ

ಮಾನ್ಯರೇ,

ಮನೆ ಎಲ್ಲಿ, ಮಾರುಕಟ್ಟೆ ಎಲ್ಲಿ, ಮಳೆನೀರಿನ ದಾರಿ ಯಾವುದು, ರಸ್ತೆ ಎಷ್ಟು ಅಗಲವಿರಬೇಕು ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕಿ ನಕ್ಷೆಗೆ ಇಳಿಸುವವರು ನಗರ ಯೋಜಕರು. ಮನೆಗಳು ಎದ್ದ ಮೇಲೆ ಚರಂಡಿಗೆ ಜಾಗ ಹುಡುಕುವುದು ದುಬಾರಿ, ಹಲವೆಡೆ ಅಸಾಧ್ಯ. ಅದಕ್ಕೆಂದೇ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯ ಮೊದಲ ವಿಷಯವೇ ನಗರ ಯೋಜನೆ. ಆದರೆ ದೇಶದ ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ಯೋಜಕರ ಹುದ್ದೆಗಳು 4,000 ಕೂಡ ಇಲ್ಲ, ಅವುಗಳಲ್ಲೂ ಶೇ 42ರಷ್ಟು ಖಾಲಿ ಎಂದು ನೀತಿ ಆಯೋಗದ 2021ರ ವರದಿ ಹೇಳಿದೆ.

ಮಲೆನಾಡಿನಲ್ಲಿ ಈ ಕೊರತೆಯ ಪೆಟ್ಟು ಹೆಚ್ಚು. ಬಯಲುಸೀಮೆಯ ಲೇಔಟ್ ಮಾದರಿ ಇಲ್ಲಿನ ನೆಲಕ್ಕೆ ಹೊಂದುವುದಿಲ್ಲ. ಮೇಲೆ ಸೊಪ್ಪಿನ ಬೆಟ್ಟ, ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ. ಗುಡ್ಡ ಅಗೆದು ನಿವೇಶನ ಮಾಡಿದರೆ ಕೆಮ್ಮಣ್ಣು ಮಳೆನೀರಿನೊಂದಿಗೆ ಹಳ್ಳಕ್ಕಿಳಿದು ತೋಟದ ಕಾದಿಗೆ (ನೀರು ಬಸಿದು ಹೋಗುವ ಕಾಲುವೆ) ತುಂಬುತ್ತದೆ. ಕಾದಿಗೆ ಕಟ್ಟಿಕೊಂಡರೆ ನೀರು ನಿಂತು ಅಡಿಕೆ ಮರದ ಬೇರು ಕೊಳೆಯುತ್ತದೆ. ಶಿರಸಿಯ ಶಂಕರಹೊಂಡದ ನೀರು ಅಘನಾಶಿನಿಯನ್ನು ಸೇರುವುದರಿಂದ ಪಟ್ಟಣದ ಕೊಳಚೆ ಕೆಳಗಿನ ಊರುಗಳ ಪಾಲಾಗುವ ಅಪಾಯವಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ನಾಶವಾದವು. ಕಳಚೆ ಪಟ್ಟಣವಲ್ಲ, ಆದರೂ ಈ ಸೀಮೆಯ ಇಳಿಜಾರು ಎಷ್ಟು ಸೂಕ್ಷ್ಮ ಎಂಬುದಕ್ಕೆ ಅದು ಸಾಕ್ಷಿ.

ಅಡಿಕೆ ಮಾರಾಟ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಹೆಗಡೆಕಟ್ಟಾ ಭಾಗದ ಜನ ಶಿರಸಿಯನ್ನೇ ನಂಬಿದ್ದಾರೆ. ಆದ್ದರಿಂದ ಪಟ್ಟಣದ ಯೋಜನೆ ಹಳ್ಳಿಗರ ಬದುಕಿನ ಪ್ರಶ್ನೆಯೂ ಹೌದು.

ಬೇಡಿಕೆಗಳು:

1. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಗೆ ನಗರ ಯೋಜನೆಯಲ್ಲಿ ಪದವಿ ಪಡೆದ, ಮಲೆನಾಡಿನ ನೆಲ ಬಲ್ಲ ಕಾಯಂ ಯೋಜಕರನ್ನು ನೇಮಿಸಬೇಕು.

2. ಇಳಿಜಾರು, ಹಳ್ಳ, ಒರತೆಗಳನ್ನೂ ಶಿರಸಿಯ ದೇವಿಕೆರೆ, ಕೋಟೆಕೆರೆಗಳ ಜಲಾನಯನವನ್ನೂ ಗುರುತಿಸಿದ ನಕ್ಷೆ ಸಿದ್ಧಪಡಿಸಿ, ಅದರ ಆಧಾರದ ಮೇಲೆಯೇ ಮಹಾಯೋಜನೆ ರೂಪಿಸಬೇಕು.

3. ಇಳಿಜಾರಿನ ಲೇಔಟ್‌ಗಳಿಗೆ ಅನುಮೋದನೆ ನೀಡುವ ಮುನ್ನ ಮಳೆಗಾಲದಲ್ಲಿ ಸ್ಥಳ ಪರಿಶೀಲನೆ ನಡೆಸಬೇಕು. ಹೂಳು ತಡೆಯುವ ಗುಂಡಿ ಹಾಗೂ ಹಳ್ಳದವರೆಗಿನ ಚರಂಡಿ ಪೂರ್ಣಗೊಳ್ಳದೆ ನಿವೇಶನ ಮಾರಾಟಕ್ಕೆ ಅವಕಾಶ ಕೊಡಬಾರದು.

4. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ಶಿರಸಿಯ ಬಿಡ್ಕಿಬೈಲನ್ನು ಮಹಾಯೋಜನೆಯಲ್ಲಿ ಸಾರ್ವಜನಿಕ ಬಯಲಾಗಿಯೇ ಕಾಯ್ದಿರಿಸಬೇಕು. ಜಾತ್ರೆಯ ಜನಸಂದಣಿಗೆ ತಕ್ಕಂತೆ ಪಾದಚಾರಿ ಮಾರ್ಗ, ವಾಹನ ನಿಲುಗಡೆ, ಶೌಚಾಲಯಗಳನ್ನು ಯೋಜಿಸಬೇಕು.

5. ಕರಡು ಯೋಜನೆಯನ್ನು ಕನ್ನಡದಲ್ಲಿ, ಓದಬಲ್ಲ ನಕ್ಷೆಗಳೊಂದಿಗೆ, ಹಳ್ಳದ ಕೆಳಭಾಗದ ಗ್ರಾಮ ಪಂಚಾಯಿತಿಗಳಲ್ಲೂ ಪ್ರಕಟಿಸಬೇಕು. ಅಲ್ಲಿನ ಗ್ರಾಮಸಭೆಗಳ ಆಕ್ಷೇಪಣೆಗೆ ಲಿಖಿತ ಉತ್ತರ ನೀಡಬೇಕು.

ಮೊದಲ ಬೇಡಿಕೆ ಈಡೇರದೆ ಉಳಿದವು ಕಾಗದದಲ್ಲೇ ಉಳಿಯುತ್ತವೆ. ಆದಕಾರಣ ಯೋಜಕರ ನೇಮಕಕ್ಕೆ ಆದ್ಯತೆ ನೀಡಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ,
ಹೆಗಡೆಕಟ್ಟಾ ಭಾಗದ ನಾಗರಿಕರು