ಒಂದು ಕೋಣೆ, ಮೂರು ತಿಂಗಳು, ಒಂದು ಕೋಟಿ: ಈ ಲೆಕ್ಕದಲ್ಲಿ ಬಿಟ್ಟುಹೋದ ಬಾಬ್ತುಗಳು



ಈ ಬಾರಿ ಕಾರ್ಯಕ್ರಮಗಳ ವಿವರಕ್ಕಿಂತ ಮೊದಲು ಒಂದು ಸುದ್ದಿಯನ್ನು ನಿಧಾನವಾಗಿ ನೋಡೋಣ. ಬೆಂಗಳೂರು, ಕೊಚ್ಚಿ, ಚೆನ್ನೈ, ಮುಂಬೈ, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ‘ಹೈಡ್ರೋಪೋನಿಕ್ ಗಾಂಜಾ’ ಸಿಕ್ಕಿಬಿದ್ದ ವರದಿಗಳು ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಅದರಲ್ಲಿ ಬಹುಪಾಲು ಬ್ಯಾಂಕಾಕ್ ವಿಮಾನದಲ್ಲಿ ಬಂದ ಮಾಲು. ವರದಿಯ ಕೊನೆಯಲ್ಲಿ ಅದರ ಬೆಲೆಯನ್ನೂ ಹಾಕಿರುತ್ತಾರೆ. ಕೆ.ಜಿ.ಗೆ ಒಂದು ಕೋಟಿ ರೂಪಾಯಿ ಎಂಬ ಲೆಕ್ಕವನ್ನು ನಾವೆಲ್ಲ ಓದಿದ್ದೇವೆ. ಆ ಸಾಲು ಓದಿದ ಕೂಡಲೇ ಕೆಲವು ಹುಡುಗರ ತಲೆಯಲ್ಲಿ ಗುಣಾಕಾರ ಶುರುವಾಗುತ್ತದೆ: ಒಂದು ಬಾಡಿಗೆ ಕೋಣೆ, ಮೂರು ತಿಂಗಳು, ಒಂದು ಕೆ.ಜಿ., ಒಂದು ಕೋಟಿ.

ನಮ್ಮ ಗಡಿ ಊರುಗಳ ಮಕ್ಕಳು ಓದಿಗೆ, ಕೆಲಸಕ್ಕೆ ಎಂದು ಮನೆಯಿಂದ ದೂರ ಬಾಡಿಗೆ ಕೋಣೆಗಳಲ್ಲಿ ಇರುವವರು. ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ, ಸೊಲ್ಲಾಪುರದವರು ಪುಣೆಯಲ್ಲಿ, ತಾಳವಾಡಿಯವರು ಕೊಯಮತ್ತೂರಿನಲ್ಲಿ. ಆದ್ದರಿಂದ ಈ ಲೆಕ್ಕವನ್ನು ಕೂಡಿ ಕಳೆದು ನೋಡುವುದು ಸಂಘದ ಕೆಲಸವೇ ಎಂದು ನಾವು ಭಾವಿಸಿದ್ದೇವೆ. ನೀತಿ ಹೇಳಿದರೆ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ, ಜಮಾ-ಖರ್ಚು ತೋರಿಸಿದರೆ ಒಮ್ಮೆಯಾದರೂ ಕಣ್ಣು ಹಾಯಿಸುತ್ತಾರೆ. ಹಾಗಾಗಿ ಇಲ್ಲಿ ಬರೀ ಲೆಕ್ಕವಷ್ಟೇ ಇದೆ.

ಖರ್ಚಿನ ಕಾಲಂ

ಹೈಡ್ರೋಪೋನಿಕ್ ಎಂದರೆ ಮಣ್ಣಿಲ್ಲದ ಬೇಸಾಯ. ಗಿಡದ ಬೇರಿಗೆ ಮಣ್ಣಿನ ಬದಲು ಪೋಷಕಾಂಶ ಬೆರೆಸಿದ ನೀರು ಸಿಗುತ್ತದೆ. ಈ ವಿಧಾನದಲ್ಲಿ ಅಪರಾಧವೇನೂ ಇಲ್ಲ. ಸೊಪ್ಪು, ಟೊಮೆಟೊ, ಸ್ಟ್ರಾಬೆರಿಯನ್ನು ಹೀಗೆ ಬೆಳೆಯುವವರು ನಮ್ಮ ದೇಶದಲ್ಲೂ ಇದ್ದಾರೆ. ಮುಚ್ಚಿದ ಕೋಣೆಯೊಳಗೆ ಬೆಳೆಯುವಾಗ ಮಾತ್ರ ಒಂದು ದೊಡ್ಡ ಬಾಬ್ತು ಸೇರಿಕೊಳ್ಳುತ್ತದೆ. ಹೊಲದಲ್ಲಿ ಸೂರ್ಯ ಪುಕ್ಕಟೆ ಕೊಡುವ ಬೆಳಕನ್ನು ಇಲ್ಲಿ ಕರೆಂಟಿನಿಂದ ಕೊಳ್ಳಬೇಕು. ದೀಪದ ಬಿಸಿ ಇಳಿಸಲು ಎ.ಸಿ. ಬೇಕು, ಗಾಳಿಯಾಡಲು ಫ್ಯಾನು ಬೇಕು, ತೇವ ತೆಗೆಯಲು ಇನ್ನೊಂದು ಯಂತ್ರ ಬೇಕು.

ಅಮೆರಿಕದ ಇಂಧನ ತಜ್ಞ ಇವಾನ್ ಮಿಲ್ಸ್ 2012ರಲ್ಲಿ ಇದರ ಲೆಕ್ಕ ಹಾಕಿದ್ದರು. ಒಳಾಂಗಣದಲ್ಲಿ ಬೆಳೆದ ಒಂದು ಕೆ.ಜಿ. ಒಣ ಗಾಂಜಾಕ್ಕೆ ಸುಮಾರು 6,000 ಯೂನಿಟ್ ವಿದ್ಯುತ್ ಬೇಕು ಎಂಬುದು ಅವರ ಅಂದಾಜು. ತಿಂಗಳಿಗೆ 200 ಯೂನಿಟ್ ಸುಡುವ ಮನೆಯೊಂದು ಎರಡೂವರೆ ವರ್ಷ ನಡೆಯುವಷ್ಟು ಕರೆಂಟು ಅದು. ಆಮೇಲೆ ಎಲ್‌ಇಡಿ ದೀಪಗಳು ಬಂದು ಖರ್ಚು ಇಳಿದಿದೆ, ಆದರೂ ಬಾಬ್ತು ದೊಡ್ಡದೇ. ಯೂನಿಟ್‌ಗೆ 8 ರೂಪಾಯಿಯಂತೆ ಹಿಡಿದರೆ 48,000 ರೂಪಾಯಿ ಆಗುತ್ತದೆ. ಬಾಡಿಗೆ, ದೀಪ, ಯಂತ್ರಗಳ ಸವಕಳಿ ಎಲ್ಲ ಸೇರಿಸಿ ಬೇಕಾದರೆ ಒಂದು ಲಕ್ಷ, ಎರಡು ಲಕ್ಷ ಎನ್ನಿ.

ಇಲ್ಲಿಯೇ ಹುಡುಗರು ಕೇಳುವುದು: “ಎರಡು ಲಕ್ಷ ಹಾಕಿ ಒಂದು ಕೋಟಿ ಬಂದರೆ ಉಳಿದದ್ದೆಲ್ಲ ಲಾಭವೇ ತಾನೇ?” ನ್ಯಾಯವಾದ ಪ್ರಶ್ನೆ. ಉಳಿದ ತೊಂಬತ್ತೆಂಟು ಲಕ್ಷ ಯಾವ ಬಾಬ್ತಿನದ್ದು ಎಂಬುದಕ್ಕೆ ಉತ್ತರ ಬೇಕಾದರೆ, ಈ ಬೆಳೆಯನ್ನು ಕಾನೂನುಬದ್ಧ ಮಾಡಿದ ದೇಶಗಳಲ್ಲಿ ಏನಾಯಿತು ಎಂದು ನೋಡಬೇಕು.

ಕೆನಡಾ ಮತ್ತು ಥಾಯ್ಲೆಂಡ್

ಕೆನಡಾ 2018ರ ಅಕ್ಟೋಬರ್ 17ರಂದು ಗಾಂಜಾ ಬೆಳೆ, ಮಾರಾಟ, ಬಳಕೆಯನ್ನು ಕಾನೂನುಬದ್ಧಗೊಳಿಸಿತು. ಷೇರು ಪೇಟೆಯಿಂದ ಹಣ ಹರಿದು ಬಂತು. ಕ್ಯಾನಪಿ ಗ್ರೋತ್ ಎಂಬ ಕಂಪನಿ ಒಂಟಾರಿಯೋ ಪ್ರಾಂತದ ಸ್ಮಿತ್ಸ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ, ಹಿಂದೆ ಹರ್ಷೀಸ್ ಚಾಕೊಲೇಟ್ ತಯಾರಾಗುತ್ತಿದ್ದ ಕಾರ್ಖಾನೆಯೊಳಗೆ, ಈ ಬೆಳೆ ತೆಗೆಯುತ್ತಿತ್ತು. ತಜ್ಞರು, ಯಂತ್ರ, ಬಂಡವಾಳ, ಲೈಸೆನ್ಸ್ ಯಾವುದಕ್ಕೂ ಕೊರತೆ ಇರಲಿಲ್ಲ. ಎಲ್ಲ ಕಂಪನಿಗಳೂ ಒಟ್ಟಿಗೇ ಬೆಳೆದವು, ಬೆಲೆ ಕುಸಿಯಿತು. ಗ್ರಾಂಗೆ 1 ಡಾಲರ್ ಅಥವಾ ಬೆಲೆಯ ಶೇ. 10, ಯಾವುದು ಹೆಚ್ಚೋ ಅದು ಎಂಬ ಅಬಕಾರಿ ತೆರಿಗೆ ಮಾತ್ರ ಕುಸಿಯಲಿಲ್ಲ. 2020ರಲ್ಲೇ ಕ್ಯಾನಪಿ ತನ್ನ ಎರಡು ಬೃಹತ್ ಹಸಿರುಮನೆಗಳನ್ನು ಮುಚ್ಚಿತು. ಅವುಗಳ ವಿಸ್ತೀರ್ಣ ಸುಮಾರು 30 ಲಕ್ಷ ಚದರ ಅಡಿ. 2021ರ ಒಂದೇ ವರ್ಷದಲ್ಲಿ ಆ ದೇಶದ ಉತ್ಪಾದಕರು ಮಾರಾಟವಾಗದ 400 ಟನ್‌ಗೂ ಹೆಚ್ಚು ಮಾಲನ್ನು ನಾಶ ಮಾಡಿದರು. 2023ರ ಫೆಬ್ರವರಿಯಲ್ಲಿ ಕ್ಯಾನಪಿ ಸ್ಮಿತ್ಸ್ ಫಾಲ್ಸ್ ಘಟಕ ಮುಚ್ಚುವುದಾಗಿಯೂ ಸುಮಾರು 800 ಜನರನ್ನು ಕೆಲಸದಿಂದ ತೆಗೆಯುವುದಾಗಿಯೂ ಪ್ರಕಟಿಸಿತು. ಆ ಕಟ್ಟಡವನ್ನು ಮತ್ತೆ ಕೊಂಡವರು ಚಾಕೊಲೇಟ್ ಕಂಪನಿಯವರೇ.

ಥಾಯ್ಲೆಂಡಿನದ್ದೂ ಇದೇ ಕಥೆ. 2022ರ ಜೂನ್ 9ರಂದು ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದರು. ಮನೆಮನೆಗೆ ಹತ್ತು ಲಕ್ಷ ಸಸಿ ಹಂಚುವ ಯೋಜನೆಯನ್ನು ಸರ್ಕಾರವೇ ಘೋಷಿಸಿತು. ಬೀದಿ ಬೀದಿಯಲ್ಲಿ ಅಂಗಡಿಗಳು ಎದ್ದವು, ಬೇಡಿಕೆಗಿಂತ ಮಾಲು ಹೆಚ್ಚಾಯಿತು, ಬೆಲೆ ನೆಲ ಕಚ್ಚಿತು. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿದು, ವೈದ್ಯರ ಚೀಟಿ ಇಲ್ಲದೆ ಹೂವು ಮಾರುವಂತಿಲ್ಲ ಎಂದು ನಿಯಮ ತಂದಿತು. ಅಲ್ಲಿ ಅಗ್ಗವಾದ ಮಾಲು ಸೂಟ್‌ಕೇಸುಗಳಲ್ಲಿ ನಮ್ಮ ವಿಮಾನ ನಿಲ್ದಾಣಗಳಿಗೆ ಬರತೊಡಗಿದ್ದರ ಹಿನ್ನೆಲೆ ಇದು.

ಗಾಂಜಾ ಬಿಟ್ಟು ಸೊಪ್ಪು ಬೆಳೆದವರ ಗತಿಯೂ ಬೇರೆಯಾಗಲಿಲ್ಲ. ಗೋದಾಮಿನೊಳಗೆ ದೀಪ ಹಚ್ಚಿ ಸೊಪ್ಪು ಬೆಳೆಯುತ್ತಿದ್ದ ಅಮೆರಿಕದ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಬೋವರಿ ಎಂಬ ಕಂಪನಿ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನಮ್ಮ ಹೊಸೂರಿನ ಗುಲಾಬಿ ಬೆಳೆಗಾರರು ಹಸಿರುಮನೆ ಕಟ್ಟಿಯೂ ಬದುಕಿದ್ದಾರೆ ಎಂದರೆ, ಅವರ ಛಾವಣಿಯ ಮೇಲೆ ಸೂರ್ಯ ಬಿಲ್ಲು ಕಳಿಸದೆ ಬೆಳಕು ಕೊಡುತ್ತಾನೆ ಎಂಬುದೂ ಒಂದು ಕಾರಣ.

ಈಗ ತೊಂಬತ್ತೆಂಟು ಲಕ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಾನೂನಿನ ಭಯ ಹೋದ ಕಡೆಯಲ್ಲೆಲ್ಲ ಬೆಲೆ ಇಳಿದು ಬೆಳೆಯುವ ಖರ್ಚಿನ ಹತ್ತಿರಕ್ಕೆ ಬಂದು ನಿಂತಿದೆ. ಅಂದರೆ ಆ ದೊಡ್ಡ ಮೊತ್ತ ಬೆಳೆಯ ಬೆಲೆ ಆಗಿರಲೇ ಇಲ್ಲ. ಅದು ಜೈಲಿನ ಬೆಲೆ. ಯಾರೋ ಒಬ್ಬರು ಸಿಕ್ಕಿಬೀಳುವ ಅಪಾಯ ಹೊತ್ತುಕೊಳ್ಳುವುದಕ್ಕೆ ಮಾರುಕಟ್ಟೆ ಕಟ್ಟುವ ದರ.

ಅಪಾಯ ಹೊರುವವರು ಯಾರು?

ಆ ದರ, ಅಪಾಯ ಹೊರುವವನ ಕೈ ಸೇರುತ್ತದೆಯೇ? ಇಲ್ಲ. ಬ್ರಿಟನ್ನಿನ ಒಂದು ಪ್ರಕರಣ ನೋಡಿ. ಅಲ್ಲಿ ಬಾಡಿಗೆ ಮನೆಗಳಲ್ಲಿ ಗಾಂಜಾ ಬೆಳೆಯುವ ದಂಧೆ ಹಳೆಯದು. 2009ರಲ್ಲಿ ಅಂಥ ಮನೆಗಳ ಮೇಲೆ ದಾಳಿ ನಡೆದಾಗ ಸಿಕ್ಕವರಲ್ಲಿ ವಿಯೆಟ್ನಾಮಿನ ಇಬ್ಬರು ಅಪ್ರಾಪ್ತ ಹುಡುಗರಿದ್ದರು. ಗಿಡ ನೋಡಿಕೊಳ್ಳಲು ಅವರನ್ನು ಇಟ್ಟುಕೊಂಡಿದ್ದರು. ಶಿಕ್ಷೆಯಾದದ್ದು ಆ ಹುಡುಗರಿಗೆ. ಅವರು ಮಾನವ ಸಾಗಣೆಗೆ ಬಲಿಯಾದವರು ಎಂಬ ಬಲವಾದ ಸುಳಿವುಗಳಿದ್ದರೂ ಬ್ರಿಟನ್ ಅವರನ್ನು ರಕ್ಷಿಸಲಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2021ರಲ್ಲಿ. ನ್ಯಾಯ ಸಿಗಲು ಹನ್ನೆರಡು ವರ್ಷ ಹಿಡಿಯಿತು.

ನಮ್ಮಲ್ಲೂ ಉದಾಹರಣೆಗಳಿವೆ. 2021ರಲ್ಲಿ ಬಿಡದಿ ಹತ್ತಿರದ ವಿಲ್ಲಾವೊಂದರಲ್ಲಿ ಹೈಡ್ರೋಪೋನಿಕ್ ಗಾಂಜಾ ಬೆಳೆದ ಆರೋಪದಲ್ಲಿ ಬಂಧನಗಳಾದವು. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಬೆಳೆದ ಆರೋಪದಲ್ಲಿ ಸಿಕ್ಕಿಬಿದ್ದವರು ಹೊರ ರಾಜ್ಯದಿಂದ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿಗಳು. ಮಗನನ್ನು ಡಾಕ್ಟರ್ ಓದಿಸಲು ಒಂದು ಕುಟುಂಬ ಎಷ್ಟು ಜೀವ ಸವೆಸಿರುತ್ತದೆ ಎಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಷರಾ ಕಾಲಂನಲ್ಲಿ ಬರೆಯಬೇಕಾದದ್ದು

ಪೆಟ್ರೋಲು, ಮದ್ಯದ ದರ ಗಡಿಯ ಈಚೆ ಒಂದು, ಆಚೆ ಒಂದು. ಈ ಅಭ್ಯಾಸದಿಂದ ಗಾಂಜಾ ಕಾನೂನೂ ಹಾಗೆಯೇ ಇರಬಹುದು ಎಂದು ಕೆಲವರು ತಿಳಿದಿದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆ ಕೇಂದ್ರದ ಕಾಯ್ದೆ. ಮಂಜೇಶ್ವರದಲ್ಲೂ ಮಡಕಶಿರಾದಲ್ಲೂ ಜತ್ತದಲ್ಲೂ ಒಂದೇ. ಅದರಲ್ಲಿ ಮುಖ್ಯವಾದವು ಇಷ್ಟು:

ಒಂದು, ಬೆಳೆಯುವುದು. ಒಂದು ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ ಎಂಬ ಮೆಟ್ಟಿಲುಗಳು ಗಾಂಜಾ ಇಟ್ಟುಕೊಂಡವರಿಗೆ, ಸಾಗಿಸಿದವರಿಗೆ ಅನ್ವಯ. ಗಿಡ ಬೆಳೆಸಿದವರಿಗೆ 20ನೇ ಕಲಮಿನಲ್ಲಿ ಅಂಥ ಮೆಟ್ಟಿಲಿಲ್ಲ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. “ಎರಡೇ ಕುಂಡ ಇಟ್ಟಿದ್ದೆ” ಎಂದರೆ ಕಲಮು ಬದಲಾಗುವುದಿಲ್ಲ.

ಎರಡು, ಸಾಗಿಸುವುದು. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ. 37ನೇ ಕಲಮಿನಂತೆ ಜಾಮೀನು ಬಹಳ ಕಷ್ಟ. ಹೈಡ್ರೋಪೋನಿಕ್ ಎಂದು ಬೇರೆ ಕಲಮಿಲ್ಲ, ಅದೂ ಗಾಂಜಾವೇ.

ಮೂರು, ಮನೆ ಮಾಲೀಕರು. ಗೊತ್ತಿದ್ದೂ ಮನೆ ಕೊಟ್ಟರೆ 25ನೇ ಕಲಮಿನಂತೆ ಮಾಲೀಕನಿಗೂ ಶಿಕ್ಷೆ. ದಂಧೆಯ ಹಣದಲ್ಲಿ ಕೊಂಡ ಆಸ್ತಿ ಸಂಬಂಧಿಕರ ಹೆಸರಿನಲ್ಲಿದ್ದರೂ ಮುಟ್ಟುಗೋಲಿಗೆ ಅವಕಾಶವಿದೆ.

“ಉತ್ತರಾಖಂಡದಲ್ಲಿ ಲೈಸೆನ್ಸ್ ಕೊಡುತ್ತಾರಂತೆ” ಎಂಬ ಮಾತೂ ಓಡಾಡುತ್ತಿದೆ. ಅಲ್ಲಿ 2018ರಿಂದ ಕೊಡುತ್ತಿರುವುದು ನಾರು, ಬೀಜಕ್ಕಾಗಿ ಬೆಳೆಯುವ ಸೆಣಬಿನ ಜಾತಿಯ ತಳಿಗೆ. ಅದರಲ್ಲಿ ನಶೆಯ ಅಂಶವಾದ ಟಿಎಚ್‌ಸಿ ಶೇ. 0.3 ದಾಟುವಂತಿಲ್ಲ. ನಶೆಯ ಹೂವಿಗೂ ಆ ಲೈಸೆನ್ಸಿಗೂ ಸಂಬಂಧವಿಲ್ಲ.

ಇನ್ನು ಸಮಯದ ಲೆಕ್ಕ. ಮೂರು ತಿಂಗಳ ಬೆಳೆ, ನೂರಿಪ್ಪತ್ತು ತಿಂಗಳವರೆಗಿನ ಸಜೆ. ವಿಚಾರಣೆ ಮುಗಿಯುವವರೆಗಿನ ವರ್ಷಗಳು ಬೇರೆ. ಆರೋಪದಿಂದ ಬಿಡುಗಡೆಯಾದರೂ ವಕೀಲರ ಫೀಜು, ನಿಂತುಹೋದ ಓದು, ಪಾಸ್‌ಪೋರ್ಟಿಗೂ ಸರ್ಕಾರಿ ನೌಕರಿಗೂ ಬರುವ ಪೊಲೀಸ್ ವೆರಿಫಿಕೇಶನ್ ಇವೆಲ್ಲ ಖರ್ಚಿನ ಕಡೆಯೇ ಬರೆಯಬೇಕಾದ ಬಾಬ್ತುಗಳು. ಮೊಬೈಲಿನಲ್ಲಿ ಬರುವ ಲೆಕ್ಕದಲ್ಲಿ ಇವು ಇರುವುದಿಲ್ಲ.

ಗಡಿಯವರಿಗೆ ಇನ್ನೊಂದು ಬಾಬ್ತು: ಭಾಷೆ

ನಮ್ಮವರಿಗೆ ಈ ಕಷ್ಟ ಇಮ್ಮಡಿ. ಕಾಸರಗೋಡಿನಲ್ಲಿ ಕಾಗದ ಮಲಯಾಳದಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ರಾಯದುರ್ಗದಲ್ಲಿ ತೆಲುಗಿನಲ್ಲಿ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ತನ್ನ ಮೇಲಿನ ಆರೋಪವನ್ನೇ ಓದಲಾಗದೆ ರುಜು ಹಾಕುವ ಪರಿಸ್ಥಿತಿ ಬರಬಹುದು. ಇದಕ್ಕೆ ಕಾನೂನಿನ ಆಸರೆ ಇದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ತಪ್ಪು ಮಾಡಿದವನನ್ನು ಬಿಡಿಸಿಕೊಂಡು ಬರಲು ಇದನ್ನು ಹೇಳುತ್ತಿಲ್ಲ. ಗೆಳೆಯನ ಬ್ಯಾಗು ಹಿಡಿದು ನಿಂತ ತಪ್ಪಿಗೆ ಸಿಕ್ಕಿಕೊಂಡವನೂ ಇರಬಹುದು. ಅವನಿಗೆ ತನ್ನ ಮೇಲೆ ಏನು ಬರೆದಿದ್ದಾರೆಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕಿದೆ. ಸದಸ್ಯರು ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು.

ನಾವು ಮಾಡಬಹುದಾದದ್ದು

ಬಾಡಿಗೆಗೆ ಮನೆ ಕೊಡುವ ಸದಸ್ಯರು ಕರಾರುಪತ್ರ, ಗುರುತಿನ ಚೀಟಿಯ ಪ್ರತಿ ಇಲ್ಲದೆ ಕೊಡಬೇಡಿ. ಒಬ್ಬರೋ ಇಬ್ಬರೋ ಇರುವ ಮನೆಗೆ ವಿಪರೀತ ಕರೆಂಟ್ ಬಿಲ್ಲು, ಸದಾ ಮುಚ್ಚಿದ ಕಿಟಕಿ, ಯಾರನ್ನೂ ಒಳಗೆ ಬಿಡದ ಕೋಣೆ ಕಂಡರೆ ವಿಚಾರಿಸಿ.

ಕಾಲೇಜು ಮಕ್ಕಳಿರುವ ಮನೆಯವರು ಒಂದು ಮಾತು ಹೇಳಿ: ಬ್ಯಾಂಕಾಕಿಗೆ ಪುಕ್ಕಟೆ ಟಿಕೆಟ್, ಹೋಟೆಲು, ಕೈಖರ್ಚು ಕೊಟ್ಟು “ಬರುವಾಗ ಒಂದು ಬ್ಯಾಗು ತಂದರೆ ಸಾಕು” ಎನ್ನುವವರು ನೆಂಟರಾದರೂ ನಂಬಬಾರದು.

ಮಗು ಚಟಕ್ಕೆ ಬಿದ್ದಿದೆ ಎಂದು ಗೊತ್ತಾದರೆ ಮುಚ್ಚಿಡಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾದಕವಸ್ತು ನಿಯಂತ್ರಣ ಬ್ಯೂರೋದ ‘ಮಾನಸ್’ ಸಹಾಯವಾಣಿ 1933. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು 64ಎ ಕಲಮಿನಲ್ಲಿ ದಾರಿ ಇದೆ.

ಕೊನೆಯದಾಗಿ, ನಮ್ಮ ಗುಂಪುಗಳಲ್ಲಿ ಸುದ್ದಿ ಹಂಚುವವರಲ್ಲಿ ಒಂದು ವಿನಂತಿ. ಗಾಂಜಾ ಸಿಕ್ಕ ಸುದ್ದಿ ಹಾಕುವಾಗ ಕೋಟಿಯ ಅಂಕಿಯನ್ನೇ ದಪ್ಪಕ್ಷರದಲ್ಲಿ ಹಾಕಬೇಡಿ. ಅದು ಎಚ್ಚರಿಕೆಯಂತೆ ಕಂಡರೂ ಜಾಹೀರಾತಿನ ಕೆಲಸ ಮಾಡುತ್ತದೆ. ಹಾಕುವುದಾದರೆ ಬಂಧಿತರ ವಯಸ್ಸನ್ನೂ ಅವರ ಮೇಲೆ ಹಾಕಿದ ಕಲಮಿನ ಶಿಕ್ಷೆಯನ್ನೂ ಜೊತೆಗೆ ಹಾಕಿ. ಲೆಕ್ಕ ಎಂದರೆ ಎರಡೂ ಕಾಲಂ ಇರಬೇಕು.

ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿದ್ದೇವೆ. ಸದಸ್ಯರು ಈ ಬಾರಿ ಮನೆಯ ಕಿರಿಯರನ್ನೂ ಕರೆದುಕೊಂಡು ಬರಬೇಕೆಂದು ಕೋರಿಕೆ. ಕಾನೂನು ತಿಳಿದ ಸದಸ್ಯರು ಒಂದರ್ಧ ಗಂಟೆ ಮೀಸಲಿಟ್ಟು ಮಕ್ಕಳ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸಿದರೆ ಬಹಳ ಉಪಕಾರವಾಗುತ್ತದೆ.


ಕಾರ್ಯದರ್ಶಿ